ಮುಂದೆ ಯಾವ ಪುಸ್ತಕ ಓದಲಿ?

ಒಂದೇ ಬಗೆಯ ಪುಸ್ತಕ ಓದಿ ಬೇಜಾರಾಗಿದೆಯಾ? ಇಷ್ಟವಾದ ಪುಸ್ತಕದಿಂದಲೇ ಹೊಸ ಪ್ರಕಾರಕ್ಕೆ ದಾಟಿ.

ತೇಜಸ್ವಿಯವರ ‘ಕರ್ವಾಲೊ’ ಓದಿದ್ದೀರಾ? ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ಹೊರಟವರ ಕಾದಂಬರಿ. ಆ ಕಾಡು ಹಿಡಿಸಿತಾ? ಹಾಗಾದರೆ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಎತ್ತಿಕೊಳ್ಳಿ. ಸಸ್ಯಶಾಸ್ತ್ರದ ಮೇಷ್ಟ್ರು ವಿದ್ಯಾರ್ಥಿಗಳನ್ನು ಕರೆದುಕೊಂಡು ಗಿಡಮರ ನೋಡುತ್ತಾ ಅಲೆದ ಕಥನ. ನಗಿಸುತ್ತಲೇ ವಿಜ್ಞಾನ ಕಲಿಸುತ್ತದೆ. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕೃತಿ.

ನಗುವಿನ ಜೊತೆ ನೋವನ್ನೂ ಹೇಳುವ ಬರಹ ಬೇಕಾ? ಸಿದ್ಧಲಿಂಗಯ್ಯನವರ ಆತ್ಮಕಥೆ ‘ಊರುಕೇರಿ’ ಓದಿ. ಅಲ್ಲಿಂದ ಸಣ್ಣಕತೆಗೆ ಬನ್ನಿ. ಬಾನು ಮುಷ್ತಾಕ್ ಅವರ ಕತೆಗಳ ಇಂಗ್ಲಿಷ್ ಅನುವಾದ ‘ಹಾರ್ಟ್ ಲ್ಯಾಂಪ್’ಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂತು. ನಮಗೆ ಕನ್ನಡದ ಮೂಲವೇ ಇದೆ!

ಈ ವಾರ ಹತ್ತಿರದ ಗ್ರಂಥಾಲಯಕ್ಕೆ ಹೋಗಿ. ಇವುಗಳಲ್ಲಿ ನೀವು ಓದದ ಒಂದನ್ನು ಕೇಳಿ ತನ್ನಿ.