ಮೇಜಿನ ಮೇಲೆ ಗೆದ್ದ ಕೈ

"ಇದು ಎಷ್ಟು ಕೆಜಿ ಎತ್ತುತ್ತೆ ಮೇಡಂ?" ಕೃತಕ ಕೈ ನೋಡಲು ಬಂದವರು ಹೆಚ್ಚುಕಮ್ಮಿ ಎಲ್ಲರೂ ಮೊದಲು ಕೇಳುವುದು ಇದನ್ನೇ. ಆಕ್ಯುಪೇಷನಲ್ ಥೆರಪಿಸ್ಟ್ ಆದ ನನ್ನ ಚಿಂತೆಯೇ ಬೇರೆ. ಬೇಕೆಂದಾಗ ಹಿಡಿಯುತ್ತದೆಯೇ? ಹಿಡಿದದ್ದನ್ನು ಕೈಬಿಡದೆ ಇರುತ್ತದೆಯೇ?

ಮೋಟಾರ್ ಕೈ ನಡೆಯುವುದು ಸ್ನಾಯುವಿನ ಮಾತು ಕೇಳಿ. ಮೊಣಕೈ ಕೆಳಗೆ ಕೈ ಕಳೆದುಕೊಂಡವರಲ್ಲೂ ಮಣಿಕಟ್ಟನ್ನು ಮಡಿಸುವ, ಎತ್ತುವ ಸ್ನಾಯುಗಳು ಮುಂದೋಳಿನಲ್ಲಿ ಉಳಿದಿರುತ್ತವೆ. ಅವು ಬಿಗಿದಾಗ ಚರ್ಮದ ಮೇಲೆ ತೀರಾ ಸಣ್ಣ ವಿದ್ಯುತ್ ಸುಳಿವು ಸಿಗುತ್ತದೆ. ಸಾಕೆಟ್ಟಿನ ಒಳಗಿರುವ ಎಲೆಕ್ಟ್ರೋಡ್ ಅದನ್ನು ಹಿಡಿಯುತ್ತದೆ, ಆ ಸುಳಿವು ದೊಡ್ಡದಾಗಿ ಮೋಟಾರಿಗೆ ಆಜ್ಞೆಯಾಗುತ್ತದೆ. ಒಂದು ಸ್ನಾಯು ಬಿಗಿದರೆ ಮುಷ್ಟಿ ಮುಚ್ಚುತ್ತದೆ, ಇನ್ನೊಂದು ಬಿಗಿದರೆ ತೆರೆಯುತ್ತದೆ.

ಇಂಥ ಕೈಯನ್ನು ಅಳೆಯಲು ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದವರು ರೂಪಿಸಿದ 'ಶಾಪ್' (SHAP) ಪರೀಕ್ಷೆ ಹೆಸರುವಾಸಿ. ಹಗುರ, ಭಾರ ಎಂದು 12 ವಸ್ತುಗಳ ಜಾಗ ಬದಲಿಸಬೇಕು. ಆಮೇಲೆ 14 ದಿನನಿತ್ಯದ ಕೆಲಸ: ನಾಣ್ಯ ಎತ್ತು, ಗುಂಡಿ ಬಿಚ್ಚು, ಜಿಪ್ ಎಳೆ, ಬೀಗದ ಕೈ ತಿರುಗಿಸು, ಜಗ್ಗಿನಿಂದ ನೀರು ಬಗ್ಗಿಸು. ಗಡಿಯಾರ ಒತ್ತುವವರು ಪರೀಕ್ಷಕರಲ್ಲ, ಕೈ ತೊಟ್ಟವರೇ. ಕೊನೆಗೆ ಒಂದು ಅಂಕ ಬರುತ್ತದೆ. ಸಹಜ ಕೈಗೆ ಅದು ನೂರರ ಹತ್ತಿರ.

ಒಳ್ಳೆಯ ಪರೀಕ್ಷೆ, ಆದರೆ ಎಲ್ಲವೂ ಮೇಜಿನ ಮೇಲೆ. ಪ್ರೆಸ್ ಮೆಷಿನ್ನಿನಲ್ಲಿ ಕೈ ಕಳೆದುಕೊಂಡ ಒಬ್ಬರು ನನ್ನ ಮುಂದೆ ನಾಣ್ಯ, ಬೀಗ ಎಲ್ಲವನ್ನೂ ಸಲೀಸಾಗಿ ಮುಗಿಸಿದರು. ಆಮೇಲೆ ಅಂದರು: "ಇಲ್ಲೇನೋ ಹಿಡೀತದೆ ಮೇಡಂ, ಬಸ್ಸಲ್ಲಿ ಮೇಲಿನ ಕಂಬಿ ಹಿಡಿದ್ರೆ ತಾನಾಗೇ ಬಿಟ್ಬಿಡ್ತದೆ." ಎದ್ದು ನಿಂತು ತೋಳನ್ನು ತಲೆಯ ಮೇಲೆತ್ತಿದರು. ಸಾಕೆಟ್ ಕೂದಲೆಳೆಯಷ್ಟು ಜಾರಿತು, ಬೆರಳುಗಳು ಜುಂಯ್ ಎಂದು ತೆರೆದುಕೊಂಡವು. ತೋಳಿನ ಭಂಗಿ ಬದಲಾದರೆ ಸ್ನಾಯುವಿನ ಸುಳಿವೂ ಬದಲಾಗುತ್ತದೆ. ಬೆವರು ಸೇರಿದರೆ ಇನ್ನೂ ಕಷ್ಟ, ನಮ್ಮ ಏಪ್ರಿಲ್ ತಿಂಗಳಲ್ಲಂತೂ ಕೇಳುವುದೇ ಬೇಡ. ಸಾಕೆಟ್ ಬಿಗಿ ಮಾಡಿಸಿ ಎಲೆಕ್ಟ್ರೋಡ್ ಸ್ವಲ್ಪ ಸರಿಸಿದ ಮೇಲೆ ಆ ಕಾಟ ತಗ್ಗಿತು.

ಸ್ವೀಡನ್ನಿನಲ್ಲಿ ಹುಟ್ಟಿದ 'ಎಸಿಎಂಸಿ' ಪರೀಕ್ಷೆ ನನಗೆ ಹೆಚ್ಚು ಹಿಡಿಸುವುದು ಇದಕ್ಕೇ. ಗಡಿಯಾರವಿಲ್ಲ. ಪೆಟ್ಟಿಗೆಗೆ ಬಟ್ಟೆ ತುಂಬುವಂಥ ಎರಡು ಕೈಯ ಕೆಲಸ ಕೊಟ್ಟು ಸುಮ್ಮನೆ ನೋಡುತ್ತಾರೆ. ಕೈಯನ್ನೇ ದಿಟ್ಟಿಸದೆ ಹಿಡಿಯಬಲ್ಲರೇ, ತೋಳು ಬೇರೆ ಬೇರೆ ಕಡೆ ಚಾಚಿದಾಗಲೂ ಬಿಡಬಲ್ಲರೇ ಎನ್ನುವುದಕ್ಕೆ ಅಂಕ.

ದಿಟ್ಟಿಸುವ ಮಾತು ಸಣ್ಣದಲ್ಲ. ಮೋಟಾರ್ ಕೈಗೆ ಸಾಮಾನ್ಯವಾಗಿ ಸ್ಪರ್ಶವಿಲ್ಲ, ಕಣ್ಣೇ ಅದರ ಚರ್ಮ. 2016ರಲ್ಲಿ ಜ್ಯೂರಿಕ್ ಬಳಿ ನಡೆದ ಮೊದಲ ಸೈಬಾತ್ಲಾನ್‌ನ (ಸಹಾಯಕ ಸಾಧನ ಬಳಸುವ ಅಂಗವಿಕಲರ ಸ್ಪರ್ಧಾಕೂಟ) ಕೃತಕ ಕೈ ಸ್ಪರ್ಧೆಯನ್ನು ಗೆದ್ದ ಅಮೆರಿಕದ ರಾಬರ್ಟ್ ರಾಡೊಸಿ ತೊಟ್ಟಿದ್ದು ಮೋಟಾರ್ ಕೈಯನ್ನಲ್ಲ, ಭುಜದ ಪಟ್ಟಿಯಿಂದ ಕೇಬಲ್ ಎಳೆದು ನಡೆಸುವ ಕೈಯನ್ನು. ಹಿಡಿತ ಎಷ್ಟು ಬಿಗಿಯಾಯಿತೆಂದು ಆ ಕೇಬಲ್ಲಿನ ಸೆಳೆತ ಭುಜಕ್ಕೇ ತಿಳಿಸುತ್ತದೆ.

ಹಾಗೆಂದು ಮೋಟಾರ್ ಕೈ ಬೇಡ ಎನ್ನುವವಳಲ್ಲ ನಾನು, ದಿನವಿಡೀ ಪಟ್ಟಿ ಭುಜ ಕೊರೆಯುವುದನ್ನೂ ಕಂಡಿದ್ದೇನೆ. ಟ್ರಯಲ್ ಸಾಕೆಟ್ ಹಾಕಿಕೊಂಡು ಮೈ ಬೆವರುವವರೆಗೆ ಓಡಾಡಿ, ತಂತಿಯ ಮೇಲೆ ಒದ್ದೆ ಬಟ್ಟೆ ಹರವಿ, ಆಮೇಲೆ ದುಡ್ಡು ಕಟ್ಟಿ ಎನ್ನುತ್ತೇನೆ, ಅಷ್ಟೇ.