ರೋಬಾಟುಗಳ ಕಣದಲ್ಲಿ ಆರು ಜನ ವೀಕ್ಷಕರು

ಗೌರಿಬಿದನೂರು ತಾಲ್ಲೂಕಿನ ಅಲೀಪುರವು ರತ್ನದ ಕಲ್ಲುಗಳ ವ್ಯಾಪಾರಕ್ಕೆ ಹೆಸರಾದ ಊರು. ಕಲ್ಲುಗಳ ಪೊಟ್ಟಣವೊಂದನ್ನು ತಕ್ಕಡಿಯಲ್ಲಿಟ್ಟರೆ ಒಟ್ಟು ತೂಕವೇನೋ ತಿಳಿಯುತ್ತದೆ. ಆದರೆ ಯಾವ ಕಲ್ಲು ಬೆಲೆಯುಳ್ಳದ್ದು, ಯಾವುದರಲ್ಲಿ ಬಿರುಕು ಅಡಗಿದೆ ಎಂಬುದು ತಿಳಿಯದು. ಅದಕ್ಕಾಗಿ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಲೇಬೇಕು. ವಿದ್ಯಾರ್ಥಿಗಳ ರೋಬಾಟು ಸ್ಪರ್ಧೆಗಳಲ್ಲಿಯೂ ಇದೇ ಸಮಸ್ಯೆ ಉಂಟು. ಅದನ್ನು ಬಿಡಿಸುವ ಬಗೆಯಲ್ಲಿ ಸ್ವಾರಸ್ಯವಾದ ವಿಜ್ಞಾನವಿದೆ.

ಅಮೆರಿಕದ ಯಂತ್ರಶೋಧಕ ಡೀನ್ ಕೇಮನ್ ಅವರು ೧೯೮೯ರಲ್ಲಿ ಸ್ಥಾಪಿಸಿದ 'ಫಸ್ಟ್' ಎಂಬ ಸಂಸ್ಥೆಯು ೧೯೯೨ರಲ್ಲಿ ೨೮ ತಂಡಗಳೊಡನೆ ತನ್ನ ಮೊದಲ ಸ್ಪರ್ಧೆಯನ್ನು ನಡೆಸಿತು. ಇಂದು ಅದರ ಪಂದ್ಯಗಳು ಹಲವು ದೇಶಗಳಲ್ಲಿ ನಡೆಯುತ್ತವೆ. ಪ್ರೌಢಶಾಲೆಯ ವಿದ್ಯಾರ್ಥಿಗಳು ತಾವೇ ಕಟ್ಟಿದ ರೋಬಾಟನ್ನು ಕಣಕ್ಕಿಳಿಸುತ್ತಾರೆ. ಪ್ರತಿ ಪಂದ್ಯದಲ್ಲಿಯೂ ಕೆಂಪು, ನೀಲಿ ಎಂಬ ಎರಡು ಪಕ್ಷಗಳು. ಪಕ್ಷಕ್ಕೆ ಮೂರು ರೋಬಾಟುಗಳು. ೨೦೨೫ರ ಆಟದಲ್ಲಿ ಮೊದಲ ೧೫ ಸೆಕೆಂಡು ರೋಬಾಟು ತನ್ನಷ್ಟಕ್ಕೆ ತಾನೇ ನಡೆಯಬೇಕಾಗಿತ್ತು. ಮುಂದಿನ ೧೩೫ ಸೆಕೆಂಡು ವಿದ್ಯಾರ್ಥಿಗಳು ಅದನ್ನು ದೂರದಿಂದ ನಡೆಸುತ್ತಿದ್ದರು.

ಆರಂಭದ ಸುತ್ತಿನಲ್ಲಿ ಜೊತೆಗಾರರನ್ನು ತಂಡಗಳು ತಾವೇ ಆರಿಸಿಕೊಳ್ಳುವಂತಿಲ್ಲ. ಒಂದು ಪಂದ್ಯದ ಸಂಗಾತಿ ಮತ್ತೊಂದರಲ್ಲಿ ಎದುರಾಳಿಯಾಗಬಹುದು. ಆ ಸುತ್ತು ಮುಗಿದ ಮೇಲೆ, ಸಾಮಾನ್ಯವಾಗಿ, ಮೇಲಿನ ಎಂಟು ಸ್ಥಾನಗಳ ತಂಡಗಳು ಅಂತಿಮ ಪಂದ್ಯಗಳಿಗಾಗಿ ತಮ್ಮ ಜೊತೆಗಾರರನ್ನು ಸಭೆಯ ಮುಂದೆಯೇ ಆರಿಸಬೇಕು. ಯೋಚನೆಗೆ ಹೆಚ್ಚು ಸಮಯವಿಲ್ಲ. ಆಯ್ಕೆ ತಪ್ಪಿದರೆ ತಿಂಗಳುಗಳ ಶ್ರಮ ಕೈಬಿಟ್ಟಂತೆಯೇ. ಅಷ್ಟೇ ಅಲ್ಲ, ದುರ್ಬಲ ಸಂಗಾತಿಗಳ ದೆಸೆಯಿಂದ ಕೆಳಗೆ ಉಳಿದ ಒಳ್ಳೆಯ ರೋಬಾಟು ಯಾರ ಕಣ್ಣಿಗೂ ಬೀಳದೆ ಹೋಗಬಹುದು.

ಫಲಕದ ಮೇಲೆ ಕಾಣುವುದು ಮುಖ್ಯವಾಗಿ ಪಕ್ಷದ ಒಟ್ಟು ಅಂಕ. ಒಟ್ಟಿನಿಂದ ಬಿಡಿಯನ್ನು ಕಂಡುಹಿಡಿಯಲು ಸಾಧ್ಯವೆ? ಗಣಿತವು ಸಾಧ್ಯವೆನ್ನುತ್ತದೆ. ಸುಲಭಕ್ಕಾಗಿ ಪಕ್ಷದಲ್ಲಿ ಎರಡೇ ರೋಬಾಟುಗಳಿವೆಯೆಂದು ಇಟ್ಟುಕೊಳ್ಳೋಣ. ಕ ಮತ್ತು ಖ ಕೂಡಿ ೩೦ ಅಂಕ, ಖ ಮತ್ತು ಗ ಕೂಡಿ ೪೦, ಕ ಮತ್ತು ಗ ಕೂಡಿ ೫೦ ಗಳಿಸಿದರೆ, ಕ-ಗೆ ೨೦, ಖ-ಗೆ ೧೦, ಗ-ಗೆ ೩೦ ಎಂದು ತಿಳಿಯುವುದು ಕಷ್ಟವಲ್ಲ. ಪಂದ್ಯಗಳು ಹೆಚ್ಚಿದಾಗ ಸಮೀಕರಣಗಳು ಒಂದಕ್ಕೊಂದು ಪೂರ್ತಿ ಹೊಂದುವುದಿಲ್ಲ. ಆಗ ಲಜಾಂಡರನು ೧೮೦೫ರಲ್ಲಿ ಪ್ರಕಟಿಸಿದ ಕನಿಷ್ಠ ವರ್ಗಗಳ ವಿಧಾನವನ್ನು ಬಳಸಬಹುದು.

ಆದರೆ ಪ್ರತಿ ರೋಬಾಟೂ ಎಲ್ಲ ಪಂದ್ಯಗಳಲ್ಲಿ ಒಂದೇ ಸಮನಾಗಿ ಆಡುತ್ತದೆ ಎಂಬುದು ಈ ಲೆಕ್ಕದ ಆಧಾರ. ಎರಡನೆಯ ಪಂದ್ಯದಲ್ಲಿ ಖ-ದ ಗಾಲಿ ಮುರಿದು ಅದು ನಿಂತೇ ಬಿಟ್ಟಿತೆನ್ನಿ. ಆ ಪಂದ್ಯದ ಮೊತ್ತ ೪೦ರ ಬದಲು ೩೦ ಆಗುತ್ತದೆ. ಈಗ ಲೆಕ್ಕ ಮಾಡಿದರೆ ಕ-ಗೆ ೨೫, ಖ-ಗೆ ೫, ಗ-ಗೆ ೨೫ ಬರುತ್ತದೆ! ಗಾಲಿ ಮುರಿದದ್ದು ಖ-ದ್ದು. ಐದು ಅಂಕ ಕಳೆದುಕೊಂಡದ್ದು ಏನೂ ತಪ್ಪು ಮಾಡದ ಗ. ಐದು ಅಂಕ ಲಾಭ ಕ-ಗೆ. ಗಣಿತ ಇಲ್ಲಿ ತಪ್ಪಲಿಲ್ಲ. ಗಾಲಿ ಮುರಿದ ಸಂಗತಿಯನ್ನು ಅದಕ್ಕೆ ಯಾರೂ ಹೇಳಲಿಲ್ಲ.

ಹೇಳುವವರೇ ವೀಕ್ಷಕರು. ಕಣದಲ್ಲಿ ಆರು ರೋಬಾಟುಗಳಿರುವುದರಿಂದ ತಂಡವು ಆರು ಜನರನ್ನು ಕೂರಿಸಿ, ಒಬ್ಬೊಬ್ಬರಿಗೆ ಒಂದೊಂದು ರೋಬಾಟನ್ನು ವಹಿಸುತ್ತದೆ. ಗುರಿ ಮುಟ್ಟಿದಾಗ, ತಪ್ಪಿದಾಗ, ಕೆಟ್ಟು ನಿಂತಾಗ ಅವರು ಕೈಯಲ್ಲಿನ ಟ್ಯಾಬ್ಲೆಟಿನ ಗುಂಡಿಗಳನ್ನು ಒತ್ತುತ್ತಾರೆ. ಒಂದು ರೋಬಾಟಿನ ಒಂದು ಪಂದ್ಯದ ವರದಿಗೆ ೧೦೦ ಬೈಟು ಸಾಕೆನ್ನೋಣ. ೮೦ ಪಂದ್ಯಗಳಿಗೆ ೪೮೦ ವರದಿಗಳು, ಎಂದರೆ ೪೮,೦೦೦ ಬೈಟು. ಮೊಬೈಲಿನಿಂದ ತೆಗೆದ ಒಂದು ಸಾಧಾರಣ ಛಾಯಾಚಿತ್ರವೂ ಇದಕ್ಕಿಂತ ಎಷ್ಟೋ ಹೆಚ್ಚು ಸ್ಥಳವನ್ನು ಬೇಡುತ್ತದೆ.

ಇಷ್ಟು ಸಣ್ಣ ಮಾಹಿತಿಯನ್ನು ಒಂದೆಡೆ ಸೇರಿಸುವುದು ಸುಲಭವೆಂದು ವಾಚಕರು ಭಾವಿಸಬಹುದು. ಆದರೆ ಅಲ್ಲಿ ರೋಬಾಟುಗಳೇ ರೇಡಿಯೋ ಅಲೆಗಳ ಮೂಲಕ ಆಜ್ಞೆ ಪಡೆಯುತ್ತವೆ. ಪ್ರತಿ ತಂಡವೂ ತನ್ನದೊಂದು ವೈ-ಫೈ ಹೂಡಿದರೆ, ಸಂತೆಯಲ್ಲಿ ಎಲ್ಲರೂ ಒಮ್ಮೆಗೇ ಕೂಗಿದಂತಾಗಿ ಆಜ್ಞೆಗಳು ತಲುಪದೆ ಹೋದಾವು. ಆದ್ದರಿಂದ ಈ ಸ್ಪರ್ಧೆಯ ನಿಯಮಗಳು ತಂಡಗಳ ಸ್ವಂತ ವೈ-ಫೈ ಜಾಲಗಳನ್ನು ನಿಷೇಧಿಸಿವೆ. ಹಲವು ತಂಡಗಳು ತಂತಿಯನ್ನೇ ಬಳಸುತ್ತವೆ. ಇನ್ನು ಕೆಲವು ತಂಡಗಳು ಬೆಳಕನ್ನೇ ದೂತನನ್ನಾಗಿ ಮಾಡಿಕೊಂಡಿವೆ. ಪಂದ್ಯ ಮುಗಿದೊಡನೆ ವರದಿಯು ಟ್ಯಾಬ್ಲೆಟಿನ ಮೇಲೆ ಕ್ಯೂಆರ್ ಸಂಕೇತವಾಗಿ ಮೂಡುತ್ತದೆ. ಲೆಕ್ಕಿಗನು ಅದನ್ನು ಕ್ಯಾಮೆರಾದಿಂದ ಓದಿಕೊಳ್ಳುತ್ತಾನೆ.

ನಮ್ಮ ಚಹಾದಂಗಡಿಗಳಲ್ಲಿಯೂ ಕಾಣುವ ಈ ಚೌಕಸಂಕೇತವನ್ನು ೧೯೯೪ರಲ್ಲಿ ಜಪಾನಿನ ಡೆನ್ಸೊ ಸಂಸ್ಥೆಯಲ್ಲಿ ಮಸಾಹಿರೊ ಹಾರಾ ಮತ್ತು ಅವರ ಸಂಗಡಿಗರು ರೂಪಿಸಿದರು. ರೀಡ್ ಮತ್ತು ಸಾಲಮನ್ ಎಂಬ ಗಣಿತಜ್ಞರು ೧೯೬೦ರಲ್ಲಿ ತೋರಿಸಿದ ಉಪಾಯದಂತೆ, ಮೂಲ ಸಂಖ್ಯೆಗಳೊಡನೆ ಅವುಗಳಿಂದಲೇ ಎಣಿಸಿದ ಕೆಲವು ಹೆಚ್ಚಿನ ಸಂಖ್ಯೆಗಳನ್ನೂ ಇದರಲ್ಲಿ ಸೇರಿಸಿರುತ್ತಾರೆ. ಅತ್ಯಂತ ಭದ್ರವಾದ ಬಗೆಯಲ್ಲಿ ಸಂಕೇತದ ಸುಮಾರು ಶೇಕಡಾ ೩೦ ಭಾಗ ಕೆಟ್ಟರೂ ಮಾಹಿತಿಯನ್ನು ಮರಳಿ ಪಡೆಯಬಹುದು.

ಆದರೆ ಸಂಕೇತವು ದಾರಿಯಲ್ಲಾದ ತಪ್ಪನ್ನು ತಿದ್ದಬಲ್ಲುದೇ ಹೊರತು ಕಣ್ಣಿನ ತಪ್ಪನ್ನಲ್ಲ. ಮೂರು ಸಲ ಗುರಿ ಮುಟ್ಟಿದ್ದನ್ನು ವೀಕ್ಷಕನು ನಾಲ್ಕೆಂದು ಬರೆದರೆ, ಅದು ನಾಲ್ಕೆಂದೇ ನಿಷ್ಠೆಯಿಂದ ತಲುಪುತ್ತದೆ. ಇದಕ್ಕೆ ಬೇರೆ ಪರೀಕ್ಷೆ ಬೇಕು: ಮೂವರು ವೀಕ್ಷಕರ ಅಂಕಗಳನ್ನು ಕೂಡಿಸಿ, ಫಲಕದ ಮೊತ್ತದಿಂದ ಎದುರಾಳಿಯ ತಪ್ಪಿಗಾಗಿ ಬಂದ ಅಂಕಗಳನ್ನು ಕಳೆದು, ಎರಡನ್ನೂ ಹೋಲಿಸುವುದು. ಹೊಂದದಿದ್ದರೆ ಎಲ್ಲೋ ತಪ್ಪಿದೆಯೆಂದು ಖಂಡಿತ. ಹೊಂದಿದರೆ ಎಲ್ಲವೂ ಸರಿಯೆಂದು ಮಾತ್ರ ಹೇಳಲಾಗದು. ಒಬ್ಬನ ಹೆಚ್ಚಳವನ್ನು ಇನ್ನೊಬ್ಬನ ಕೊರತೆ ಮುಚ್ಚಿರಬಹುದು. ಪ್ರತಿ ವರದಿಯ ಮೇಲೂ ಪಂದ್ಯದ ಮತ್ತು ತಂಡದ ಸಂಖ್ಯೆ ಇರಬೇಕು. ಇಲ್ಲವಾದರೆ ಒಂದೇ ವರದಿ ಎರಡು ಬಾರಿ ಸೇರಿದರೂ ತಿಳಿಯದು.

ಹಲವು ಕಡೆಯ ಮಾಹಿತಿಯನ್ನು ಒಂದೆಡೆ ತಂದು ಹೋಲಿಸುವ ಈ ರೀತಿ ಗೌರಿಬಿದನೂರಿಗೆ ಹೊಸದಲ್ಲ. ೧೯೬೫ರಲ್ಲಿ ಅಲ್ಲಿ ಸ್ಥಾಪನೆಯಾದ, ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಭೂಕಂಪನ ಕೇಂದ್ರದಲ್ಲಿ ೨೦ ಕಂಪನಮಾಪಕಗಳನ್ನು ಬಡಗಿಯ ಮೂಲೆಮಟ್ಟದಂತೆ ಎರಡು ಸಾಲುಗಳಲ್ಲಿ, ಕಿಲೋಮೀಟರುಗಳ ಅಂತರದಲ್ಲಿ ಹೂಡಿದರು. ಒಂದು ಮಾಪಕದ ಬಳಿ ಲಾರಿ ಹೋದರೆ ಅದೊಂದೇ ಅಲುಗುತ್ತದೆ. ದೂರದ ಭೂಕಂಪದ ಅಥವಾ ಪರಮಾಣು ಸ್ಫೋಟದ ಅಲೆಯಾದರೋ ಎಲ್ಲವನ್ನೂ ಕ್ರಮವಾಗಿ ಮುಟ್ಟುತ್ತದೆ. ಒಂದರ ಸಾಕ್ಷ್ಯವನ್ನು ಉಳಿದವುಗಳಿಂದ ಪರೀಕ್ಷಿಸುವುದೇ ಇಲ್ಲಿನ ಬಲ.

ಇದನ್ನು ಕಲಿಯಲು ಟ್ಯಾಬ್ಲೆಟಾಗಲಿ ರೋಬಾಟಾಗಲಿ ಇರಲೇಬೇಕೆಂದಿಲ್ಲ. ಶಾಲೆಯ ಕಬಡ್ಡಿ ಪಂದ್ಯಕ್ಕೆ ಏಳು ವಿದ್ಯಾರ್ಥಿಗಳು ಕಾಗದ ಹಿಡಿದು ಕುಳಿತು, ಒಬ್ಬೊಬ್ಬರು ಒಂದು ತಂಡದ ಒಬ್ಬೊಬ್ಬ ಆಟಗಾರನನ್ನು ಗಮನಿಸಲಿ. ಕೊನೆಗೆ ತಮ್ಮ ಮೊತ್ತವನ್ನು ಪಂದ್ಯದ ಅಂಕದೊಡನೆ ಹೋಲಿಸಲಿ. ಮೂವರು ಕೂಡಿ ಹಿಡಿದಾಗ ಅಂಕ ಯಾರದು ಎಂಬ ಪ್ರಶ್ನೆ ಮೊದಲ ನಿಮಿಷಗಳಲ್ಲೇ ಏಳುತ್ತದೆ. ಎಣಿಸುವುದಕ್ಕೆ ಮುಂಚೆ ಏನನ್ನು ಎಣಿಸುತ್ತೇವೆಂದು ನಿಶ್ಚಯಿಸಬೇಕು. ಆಟಗಾರನ ಹೆಸರು ದೊಡ್ಡದೆಂದು ಬರೆಯದೆ, ಕಣ್ಣು ಕಂಡದ್ದನ್ನೇ ಬರೆಯಬೇಕು. ಎಲ್ಲ ಮಾಪನಗಳಿಗೂ ಇದೇ ಮೊದಲ ಪಾಠವೆಂದು ನಾವು ತಿಳಿಯುತ್ತೇವೆ.