ಮುಖ ಗುಂಡಗಾಯ್ತೆಂದು ಮಾತ್ರೆ ನಿಲ್ಲಿಸೀರಿ, ಜೋಕೆ!

“ಏನ್ರೀ ಸಾವ್ಕಾರ್ರೇ, ಮಗ ಎರಡೇ ತಿಂಗಳಲ್ಲಿ ಗುಂಡುಗುಂಡಗಾಗಿಬಿಟ್ಟಿದಾನಲ್ಲ, ತುಪ್ಪ ಜೋರೇನು?” ಗಲ್ಲಾದ ಮುಂದೆ ನಿಂತ ಗಿರಾಕಿ ಹೀಗೆಂದರೆ ಅಪ್ಪನಾದವನು ನಗಬೇಕೋ ಅಳಬೇಕೋ? ಆ ಗುಂಡುಮುಖ ತುಪ್ಪದ್ದಲ್ಲ, ಮಾತ್ರೆಯದು.

ಕಾಯಿಲೆಯ ಹೆಸರು ನೆಫ್ರೋಟಿಕ್ ಸಿಂಡ್ರೋಮ್. ಮಕ್ಕಳ ಕಿಡ್ನಿ ಕಾಯಿಲೆ. ಬೆಳಿಗ್ಗೆ ಎದ್ದರೆ ಕಣ್ಣ ಸುತ್ತ ಬಾವು, ಮೂತ್ರದಲ್ಲಿ ನೊರೆ. ರಕ್ತದಲ್ಲಿ ಉಳಿಯಬೇಕಾದ ಪ್ರೋಟೀನು ಮೂತ್ರದಲ್ಲಿ ಸೋರಿಹೋಗುತ್ತದೆ. ಇದಕ್ಕೆ ಮೊದಲ ಮದ್ದು ಪ್ರೆಡ್ನಿಸೋಲೋನ್ ಎಂಬ ಸ್ಟಿರಾಯಿಡ್. ಮೊದಲ ಸಲ ಕಾಯಿಲೆ ಬಂದಾಗ 6 ವಾರ ದಿನವೂ, ಮತ್ತೆ 6 ವಾರ ದಿನ ಬಿಟ್ಟು ದಿನ ಕೊಡುವುದು ನಮ್ಮ ದೇಶದಲ್ಲಿ ರೂಢಿ. ಹೆಚ್ಚಿನ ಮಕ್ಕಳಿಗೆ ಕೆಲವೇ ವಾರಗಳಲ್ಲಿ ಸೋರಿಕೆ ನಿಲ್ಲುತ್ತದೆ. ಸರಿ, ಆದರೆ ಮದ್ದಿಗೂ ಬಡ್ಡಿ ಕಟ್ಟಬೇಕಲ್ಲ!

ಹುಡುಗನಿಗೆ ಹಸಿವೋ ಹಸಿವು. ಕೆನ್ನೆ ಉಬ್ಬುತ್ತದೆ. ಇದು ನೀರಿನ ಬಾವಲ್ಲ, ಕೊಬ್ಬು. ಹೊಟ್ಟೆ ಮುಂದೆ ಬರುತ್ತದೆ, ಮುಖದ ಮೇಲೆ ಕೂದಲು, ಸಣ್ಣದಕ್ಕೂ ಸಿಡುಕು. ಕಾಯಿಲೆ ಮರುಕಳಿಸಿ ವರ್ಷಗಟ್ಟಲೆ ನುಂಗುತ್ತಾ ಹೋದರೆ ಎತ್ತರ ಕುಂಠಿತವಾಗಬಹುದು, ಕಣ್ಣಿಗೆ ಪೊರೆ ಬರಬಹುದು. ಶಾಲೆಯಲ್ಲಿ ‘ಡುಮ್ಮ’ ಅಂತ ಕರೆಸಿಕೊಂಡ ಮಗ ಅಳುತ್ತಾ ಬಂದರೆ ತಾಯಿಕರುಳು ಕೇಳೀತೆ? “ಬಾವು ಹೋಯ್ತಲ್ಲ, ಸಾಕು ಬಿಡಿ ಈ ಮಾತ್ರೆ.” ಡಬ್ಬಿ ಅಟ್ಟ ಸೇರುತ್ತದೆ.

ಅಪಾಯ ಇರುವುದೇ ಅಲ್ಲಿ. ಕಿಡ್ನಿಗಳ ನೆತ್ತಿಯ ಮೇಲೆ ಟೋಪಿಯಂತೆ ಕೂತ ಅಡ್ರಿನಲ್ ಗ್ರಂಥಿಗಳು ದಿನವೂ ಕಾರ್ಟಿಸಾಲ್ ಎಂಬ ಹಾರ್ಮೋನು ತಯಾರಿಸುತ್ತವೆ. ಜ್ವರ, ಪೆಟ್ಟು, ಆಪರೇಷನ್ ಬಂದಾಗ ದೇಹವನ್ನು ಎತ್ತಿಹಿಡಿಯುವುದು ಅದೇ. ಪ್ರೆಡ್ನಿಸೋಲೋನೂ ಅದೇ ಜಾತಿಯ ಮಾಲು. ಹೊರಗಿಂದ ಲೋಡುಗಟ್ಟಲೆ ಮಾಲು ಬಂದರೆ ಊರಿನ ಕಾರ್ಖಾನೆಗೆ ಬೀಗ ಬೀಳುವುದಿಲ್ಲವೆ? ಹಾಗೆಯೇ ಗ್ರಂಥಿ ಕೆಲಸ ಬಿಡುತ್ತದೆ. ಹೊರಗಿನ ಮಾಲು ಒಮ್ಮೆಲೇ ನಿಂತರೆ ಬೀಗ ತೆಗೆದು ಯಂತ್ರ ಓಡಿಸಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಆ ನಡುವೆ ಜ್ವರವೋ ವಾಂತಿಭೇದಿಯೋ ಹಿಡಿದರೆ ಬಿ.ಪಿ. ಕುಸಿದು ಮಗು ಪ್ರಜ್ಞೆ ತಪ್ಪಬಹುದು, ಪ್ರಾಣಕ್ಕೇ ಎರವಾಗಬಹುದು.

ಹಾಗಾಗಿ ಡೋಸು ಇಳಿಸುವುದು, ನಿಲ್ಲಿಸುವುದು ಎರಡೂ ಡಾಕ್ಟರ ಲೆಕ್ಕ. ನೆಂಟರ ಊರಿನಲ್ಲಿ ಬೇರೆ ಡಾಕ್ಟರಿಗೆ ತೋರಿಸಿದರೂ “ಸ್ಟಿರಾಯಿಡ್ ತಗೊಳ್ತಿದ್ದ” ಎಂಬುದೇ ಮೊದಲ ಮಾತಾಗಬೇಕು, ಚೀಟಿ ಜೇಬಿನಲ್ಲಿರಲಿ. ನುಂಗಿದ ಮಾತ್ರೆ ವಾಂತಿಯಾಗುತ್ತಿದ್ದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೊರಡಬೇಕು.

ಪದೇ ಪದೇ ಮರುಕಳಿಸುವ ಕೆಲವರಿಗೆ ಕೊಡುವ ಸೈಕ್ಲೋಫಾಸ್ಫಮೈಡ್‌ದು ಬೇರೆ ಕತೆ. ಡೋಸು ಮಿತಿ ಮೀರಿದರೆ ಮುಂದೆ ಸಂತಾನಶಕ್ತಿಗೆ ಕುತ್ತು, ಗಂಡುಹುಡುಗರಿಗಂತೂ ಹೆಚ್ಚು. ಅದಕ್ಕೇ 8ರಿಂದ 12 ವಾರಕ್ಕೆ ಮುಗಿಸುತ್ತಾರೆ.

ಇನ್ನು ಆ ಗುಂಡುಮುಖ? ಡೋಸು ಇಳಿದಂತೆ ನಿಧಾನವಾಗಿ ಇಳಿಯುತ್ತದೆ. ಅಲ್ಲಿಯ ತನಕ ಹಪ್ಪಳ, ಉಪ್ಪಿನಕಾಯಿ, ಬೇಕರಿ ತಿಂಡಿ ದೂರ. ಗಲ್ಲಾದ ಪಕ್ಕದ ಪೆಪ್ಪರಮೆಂಟು ಡಬ್ಬಿಯೂ ಸಾವ್ಕಾರರೇ!